ಮಣ್ಣಿಗೂ ಮ್ಯಾಟಿಗೂ ಒಂದೇ ಅಂಗಳ

ನಂಜನಗೂಡು, ತಿ. ನರಸೀಪುರ ಸೀಮೆಯ ಪೈಲ್ವಾನರಿಗೆ ವರ್ಷದಲ್ಲಿ ಎರಡು ಅಖಾಡಗಳು ಮುಖ್ಯ. ಒಂದು ಸುತ್ತೂರು ಜಾತ್ರೆಯದು, ಇನ್ನೊಂದು ಮೈಸೂರಿನ ದೊಡ್ಡಕೆರೆ ಮೈದಾನದ್ದು. ಎರಡನೆಯದರ ಪೂರ್ಣ ಹೆಸರು ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣ.

ಅರಮನೆಯಿಂದ ಪೂರ್ವಕ್ಕೆ ರಸ್ತೆ ದಾಟಿದರೆ ದಸರಾ ವಸ್ತುಪ್ರದರ್ಶನದ ಆವರಣ. ಅದಕ್ಕೆ ಒತ್ತಿಕೊಂಡೇ ಈ ಕ್ರೀಡಾಂಗಣವಿದೆ. ಒಂದು ಕಾಲಕ್ಕೆ ಇಲ್ಲಿ ನಗರದ ದೊಡ್ಡ ಕೆರೆಯೇ ಇತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಬಂದು ಮುಖ್ಯಮಂತ್ರಿಯಾದ ಅರಸು ಅವರ ಹೆಸರು ಹಳ್ಳಿಯ ಹುಡುಗರು ಸೆಣಸುವ ಈ ಜಾಗಕ್ಕೆ ಚೆನ್ನಾಗಿ ಒಪ್ಪುತ್ತದೆ.

ದಸರೆಗೆ ಮುಂಚೆಯೇ ಇಲ್ಲಿ ಜೋಡಿ ಕಟ್ಟುವ ಕೆಲಸ ನಡೆಯುತ್ತದೆ. ಕುಸ್ತಿಯಷ್ಟೇ ನೋಡಬೇಕಾದ್ದು ಇದು. ಇಬ್ಬರು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿ, ಉಸ್ತಾದರು ಮೈಕಟ್ಟು, ತೂಕ, ವಯಸ್ಸು, ಹಿಂದೆ ಹಿಡಿದ ಕುಸ್ತಿಗಳನ್ನೆಲ್ಲ ಅಳೆಯುತ್ತಾರೆ. ಒಬ್ಬನ ಭುಜ ತುಸು ದಪ್ಪ ಕಂಡರೂ ಎದುರಿನ ಗರಡಿಯವರು ತಕರಾರು ತೆಗೆಯುತ್ತಾರೆ. ಎರಡೂ ಕಡೆ ಒಪ್ಪಿದ ಮೇಲಷ್ಟೇ ಜೋಡಿ. ಬಡಹುಡುಗನಾಗಲಿ, ಸಾಹುಕಾರರ ಮಗನಾಗಲಿ, ಇಲ್ಲಿ ಲೆಕ್ಕಕ್ಕೆ ಬರುವುದು ಮಾಡಿದ ಸಾಮು ಮಾತ್ರ.

ನವರಾತ್ರಿಯಲ್ಲಿ ಮಧ್ಯಾಹ್ನ ಇಳಿಯುತ್ತಿದ್ದಂತೆ ನಾಡಕುಸ್ತಿ ಶುರು. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಶಿನ, ಕುಂಕುಮ ಬೆರೆಸಿ ಮಟ್ಟಿ ಹದ ಮಾಡಿರುತ್ತಾರೆ. ಪೈಲ್ವಾನ್ ಒಳಗೆ ಕಾಲಿಡುವಾಗ ಬಗ್ಗಿ ಮಣ್ಣು ಮುಟ್ಟಿ ಹಣೆಗಿಟ್ಟುಕೊಳ್ಳುತ್ತಾನೆ. ಬೆವರಿಗೆ ಹಿಡಿತ ಜಾರದಿರಲೆಂದು ಅದೇ ಮಣ್ಣನ್ನು ತನ್ನ ಮೈಗೂ ಎದುರಾಳಿಯ ಮೈಗೂ ಹಚ್ಚುತ್ತಾನೆ. ಸೋಲಿಸಬೇಕಾದವನಿಗೂ ಹಿಡಿತ ಒದಗಿಸುವ ಈ ರೂಢಿ ನನಗೆ ಬಲು ದೊಡ್ಡದಾಗಿ ಕಾಣುತ್ತದೆ. ಬೆನ್ನು ನೆಲಕ್ಕೆ ತಾಗಿ ಚಿತ್ ಆದರೆ ಕುಸ್ತಿ ಮುಗಿಯಿತು, ಅಂಕದ ಮಾತೇ ಇಲ್ಲ.

ಅಂಕದ ಮಾತಿರುವುದು ಮ್ಯಾಟ್ ಮೇಲೆ. ದಸರಾ ದಿನಗಳಲ್ಲಿ ಪಾಯಿಂಟ್ ಕುಸ್ತಿಯೂ ಇದೇ ಅಂಗಳದಲ್ಲಿ ನಡೆಯುತ್ತದೆ. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕಿಶೋರ ಎಂಬ ಬಿರುದುಗಳು, ಬೆಳ್ಳಿ ಗದೆ, ಮೇಯರ್ ಕಪ್, ಸಾಹುಕಾರ್ ಚನ್ನಯ್ಯ ಕಪ್ ಎಲ್ಲಕ್ಕೂ ಪೈಪೋಟಿ. ಹೆಣ್ಣುಮಕ್ಕಳೂ ಈಗ ಅಖಾಡಕ್ಕಿಳಿಯುತ್ತಿದ್ದಾರೆ, ಅವರಿಗೆ ದಸರಾ ಕಿಶೋರಿ ಬಿರುದಿದೆ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ತಿರುಚಿನಾಪಳ್ಳಿಯ ಜಟ್ಟಿಯನ್ನು ಮಣಿಸಿದ ಕಥೆ ಈ ಸೀಮೆಯ ಗರಡಿಗಳಲ್ಲಿ ಇನ್ನೂ ಜೀವಂತ. ವಿಜಯದಶಮಿಯ ವಜ್ರಮುಷ್ಟಿ ಕಾಳಗ ಮಾತ್ರ ಇಲ್ಲಿಗೆ ಬಂದಿಲ್ಲ. ಮೊದಲ ಹನಿ ರಕ್ತಕ್ಕೆ ನಿಲ್ಲುವ ಆ ಕಾಳಗಕ್ಕೆ ಇಂದಿಗೂ ಅರಮನೆಯೇ ನೆಲೆ.

ಮಣ್ಣು ಹಳೆಯದು, ಮ್ಯಾಟ್ ಹೊಸದು ಎಂದು ಜಗಳ ತೆಗೆಯುವವರಿದ್ದಾರೆ. ಒಲಿಂಪಿಕ್ಸ್ ನಡೆಯುವುದು ಮ್ಯಾಟ್ ಮೇಲೆ. ಹಳ್ಳಿಯ ಹುಡುಗ ಕುಸ್ತಿ ಕಲಿಯುವುದು ಮಟ್ಟಿಯಲ್ಲಿ. ಎರಡನ್ನೂ ಒಂದೇ ಸೂರಿನಡಿ ಇಟ್ಟುಕೊಂಡಿರುವುದೇ ಈ ಕ್ರೀಡಾಂಗಣದ ಹೆಚ್ಚುಗಾರಿಕೆ. ತಾಲ್ಲೂಕಿನ ಗರಡಿಗಳಲ್ಲೂ ಮಟ್ಟಿಯ ಪಕ್ಕದಲ್ಲೇ ಮ್ಯಾಟ್ ಹಾಸಬೇಕು. ಹಾಗಾದರೆ ಮೈಸೂರಿಗೆ ಬಂದ ಮೇಲೆ ಹೊಸ ನಿಯಮ ಕಲಿಯುವ ಕಷ್ಟ ತಪ್ಪುತ್ತದೆ.

ದಸರಾ ತಪ್ಪಿಸಿಕೊಂಡವರಿಗೆ ಸುತ್ತೂರು ಇದ್ದೇ ಇದೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಕಪಿಲೆಯ ದಡದಲ್ಲಿ ನಡೆಯುವ ಆ ಜಾತ್ರೆಯಲ್ಲಿ ರಥೋತ್ಸವ, ಕೃಷಿ ಮೇಳ, ದನಗಳ ಜಾತ್ರೆಯ ಜೊತೆಗೆ ಕುಸ್ತಿಯೂ ಉಂಟು.