ಹೊಲದ ಹುಲ್ಲು ಮತ್ತು ರಸ್ತೆಯ ಡಾಂಬರು

ಹುಲ್ಲಿನಲ್ಲಾಗಲಿ ಮರದಲ್ಲಾಗಲಿ ನಾರುಗಳನ್ನು ಬೆಸೆದು ನಿಲ್ಲಿಸುವ ದ್ರವ್ಯಕ್ಕೆ ಲಿಗ್ನಿನ್ ಎಂದು ಹೆಸರು. ಕಚ್ಚಾತೈಲದಿಂದ ದೊರೆಯುವ ಡಾಂಬರಿನಂತೆ ಇದೂ ಇಂಗಾಲಪ್ರಧಾನವಾದುದು. ಆದಕಾರಣ ಅದರ ಒಂದಂಶದ ಸ್ಥಾನವನ್ನು ತುಂಬಬಲ್ಲದು. 2024ರ ಡಿಸೆಂಬರಿನಲ್ಲಿ ನಾಗಪುರ–ಮನಸರ್ ಮಾರ್ಗದಲ್ಲಿ 44ನೆಯ ರಾಷ್ಟ್ರೀಯ ಹೆದ್ದಾರಿಯ ತುಂಡೊಂದನ್ನು ಇಂತಹ ಮಿಶ್ರಣದಿಂದ ಹಾಸಿ ಉದ್ಘಾಟಿಸಲಾಯಿತು. ಬೆಂಗಳೂರನ್ನು ಹಾದು ಕನ್ಯಾಕುಮಾರಿಗೆ ಹೋಗುವುದೂ ಇದೇ ಹೆದ್ದಾರಿ.

ಆದರೆ ‘ತ್ಯಾಜ್ಯ’ವೆಂಬ ಮಾತನ್ನು ನಾವು ಎಚ್ಚರದಿಂದ ಬಳಸಬೇಕಾಗಿದೆ. ಪಂಜಾಬಿನಲ್ಲಿ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಬಿಡುವು ಕೆಲವೇ ವಾರ. ಯಂತ್ರವು ಕೊಯ್ದುಳಿಸಿದ ಹುಲ್ಲನ್ನು ಅನೇಕರು ಗದ್ದೆಯಲ್ಲಿಯೇ ಸುಡುತ್ತಾರೆ. ಅದು ರಸ್ತೆಗೆ ಹೋದರೆ ಲಾಭವೇ ಸರಿ. ನಮ್ಮ ಬಯಲುಸೀಮೆಯ ರಾಗಿಹುಲ್ಲಾದರೋ ಬಣವೆಯೇರಿ ಬೇಸಗೆಯಲ್ಲಿ ದನಕರುಗಳ ಜೀವ ಹಿಡಿಯುತ್ತದೆ. ಅದನ್ನು ತ್ಯಾಜ್ಯದ ಲೆಕ್ಕಕ್ಕೆ ಸೇರಿಸಲು ನಾವು ಒಪ್ಪಲಾರೆವು. ಇಲ್ಲಿ ಮೊದಲು ಪರೀಕ್ಷಿಸಬೇಕಾದುದು, ಕಟಾವಿನ ಬಳಿಕ ಗದ್ದೆಯಲ್ಲಿಯೇ ಉರಿದುಹೋಗುವ ಕಬ್ಬಿನ ರವುದಿ.