ಖಾಲಿ ಲೋಕಸಭೆಯ ಫೋಟೊ: ಸಂಸದರೆಲ್ಲ ಚಕ್ಕರ್ ಹೊಡೆದಿದ್ದಾರೆಯೇ?

ಖಾಲಿ ಕುರ್ಚಿಗಳ ಲೋಕಸಭೆ, ಕೆಳಗೆ 'ಸಂಬಳ ಬೇಕು, ಕೆಲಸ ಬೇಡ' ಎಂಬ ಸಾಲು. ಇಂಥ ಫಾರ್ವರ್ಡ್ ಹೊಸಮನೆಯ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ನಂಬಬಹುದೇ?

ಫೋಟೊ ಅಸಲಿಯೇ ಇದ್ದರೂ, ಅದೊಂದನ್ನೇ ನೋಡಿ ತೀರ್ಮಾನಿಸಲಾಗದು.

ಸದನದಲ್ಲಿ: ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ, 12ಕ್ಕೆ ಶೂನ್ಯವೇಳೆ, ಊಟದ ನಂತರ ಮಸೂದೆಗಳ ಚರ್ಚೆ. ಕೋರಂಗೆ ಹತ್ತನೇ ಒಂದು ಭಾಗ, ಅಂದರೆ 55 ಮಂದಿ ಇದ್ದರೆ ಸಾಕು.

ಕ್ಯಾಮೆರಾಕ್ಕೆ ಕಾಣದ ಕೆಲಸ: ಇಲಾಖೆಗಳಿಗೆ ಸಂಬಂಧಿಸಿದ 24 ಸ್ಥಾಯಿ ಸಮಿತಿಗಳಿವೆ. ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಅಧಿವೇಶನ ಇಲ್ಲದಾಗಲೂ ಇವು ಸೇರುತ್ತವೆ, ನೇರಪ್ರಸಾರ ಇರುವುದಿಲ್ಲ.

ನಮಗೇನು ಸಂಬಂಧ? ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆ ಉಕ್ಕು ಸಚಿವಾಲಯದಡಿ ಬರುತ್ತದೆ. ಆ ಸಚಿವಾಲಯದ ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸುವುದು ಕಲ್ಲಿದ್ದಲು, ಗಣಿ ಮತ್ತು ಉಕ್ಕು ಸಮಿತಿ. ಆದರೆ ಅದರ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ.

ಹಾಗಂತ ಗೈರುಹಾಜರಿಗೆ ಇದು ನೆಪವಲ್ಲ. ನಿಮ್ಮ ಸಂಸದರ ಹಾಜರಿ, ಕೇಳಿದ ಪ್ರಶ್ನೆಗಳು ಲೋಕಸಭೆಯ ವೆಬ್‌ಸೈಟ್‌ನಲ್ಲೇ ಸಿಗುತ್ತವೆ. ಸಚಿವರು ಮಾತ್ರ ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ.

ಫಾರ್ವರ್ಡ್ ಒತ್ತುವ ಮುನ್ನ ಕೇಳಿ: ಈ ಫೋಟೊ ಯಾವ ದಿನದ್ದು, ಎಷ್ಟು ಗಂಟೆಯದ್ದು?