ಮನೋರೋಗ ಶುಶ್ರೂಷೆ: ನಂಬಿಕೆಯ ಸಂಬಂಧವೇ ಆಧಾರ

ಮನೋರೋಗ ಶುಶ್ರೂಷೆಯಲ್ಲಿ ಔಷಧದಷ್ಟೇ ಮುಖ್ಯವಾದದ್ದು ರೋಗಿಯೊಡನೆ ಬೆಳೆಯುವ ನಂಬಿಕೆಯ ಸಂಬಂಧ ಎಂಬ ವಿಚಾರಕ್ಕೆ ಅಮೆರಿಕದ ಶುಶ್ರೂಷಕಿ ಹಿಲ್ಡೆಗಾರ್ಡ್ ಪೆಪ್ಲೌ 1952ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಶಾಸ್ತ್ರೀಯ ನೆಲೆ ಒದಗಿಸಿದರು. ಚಿಕಿತ್ಸಕ ಸಂಬಂಧವೆಂದು ಕರೆಯಲಾಗುವ ಇದು ರೋಗಿಯ ಹಿತಕ್ಕಾಗಿಯೇ ಆರಂಭವಾಗಿ, ಆತ ತನ್ನ ಬದುಕನ್ನು ತಾನೇ ನಿಭಾಯಿಸತೊಡಗಿದಾಗ ಮುಕ್ತಾಯವಾಗುವ, ಸ್ಪಷ್ಟ ಗಡಿಗಳುಳ್ಳ ಬಾಂಧವ್ಯ.

ಬೇರೆ ಯಾರಿಗೂ ಕೇಳಿಸದ ಧ್ವನಿಗಳು ರೋಗಿಗೆ ಕೇಳಿಸುವ ಶ್ರವಣ ಭ್ರಮೆಯ ಸಂದರ್ಭದಲ್ಲಿ, ಅನುಭವಿ ಶುಶ್ರೂಷಕರು ಅದು ಸುಳ್ಳೆಂದು ವಾದಿಸುವುದೂ ಇಲ್ಲ, ತಮಗೂ ಕೇಳಿಸುತ್ತಿದೆ ಎಂದು ನಟಿಸುವುದೂ ಇಲ್ಲ. ತಮಗೆ ಕೇಳಿಸುತ್ತಿಲ್ಲವೆಂದು ಶಾಂತವಾಗಿ ತಿಳಿಸಿ, ರೋಗಿಯ ಭಯ ನಿಜವೆಂಬುದನ್ನು ಒಪ್ಪಿಕೊಂಡು, ತನಗೋ ಇತರರಿಗೋ ಹಾನಿ ಮಾಡುವಂತೆ ಆ ಧ್ವನಿಗಳು ಆಜ್ಞಾಪಿಸುತ್ತಿವೆಯೇ ಎಂದು ನೇರವಾಗಿ ಕೇಳುತ್ತಾರೆ. ಸಂಕೋಚದಿಂದ ಈ ಪ್ರಶ್ನೆಯನ್ನು ಕೈಬಿಡುವುದು ನಿಜಕ್ಕೂ ಅಪಾಯಕರ. ಆತ್ಮಹತ್ಯೆಯ ಕುರಿತು ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ.

ರೋಗಿಯನ್ನು ಕಟ್ಟಿಹಾಕುವ ವಿಷಯದಲ್ಲಿ ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಂದೇಹಕ್ಕೆ ಎಡೆಗೊಟ್ಟಿಲ್ಲ. ಒಂಟಿಯಾಗಿ ಕೂಡಿಹಾಕುವುದು ನಿಷಿದ್ಧ. ತಕ್ಷಣದ ಹಾನಿಯನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ, ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿಯೊಂದಿಗೆ ಮಾತ್ರ ದೈಹಿಕ ನಿರ್ಬಂಧಕ್ಕೆ ಅವಕಾಶವಿದ್ದು, ಅದನ್ನು ಶಿಕ್ಷೆಯಾಗಿಯಾಗಲಿ, ಸಿಬ್ಬಂದಿಯ ಕೊರತೆಯ ನೆಪದಿಂದಾಗಲಿ ಬಳಸುವಂತಿಲ್ಲ.